ಪಬ್ಲಿಕ್ ಗಾಲ್ಫ್ ಕೋರ್ಸ್‌ನಲ್ಲಿ ನಿಮಗೂ ಜಾಗ ಇದೆ

ಸಂಪಾದಕರ ಉತ್ತರ

ಅಮೆರಿಕದ ಕ್ಯಾಲಿಫೋರ್ನಿಯಾದ ಸನಿವೇಲ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: "ಆಫೀಸಿನವರು ಆಡ್ತಾರೆ ಅಂತ ನಾನೂ ಗಾಲ್ಫ್ ಸೆಟ್ ಕೊಂಡೆ. ಒಂದು ಶನಿವಾರ ಬೆಳಗ್ಗೆ 18 ಹೋಲ್‌ನ ಪಬ್ಲಿಕ್ ಕೋರ್ಸ್‌ಗೆ ಒಬ್ಬನೇ ಹೋದೆ. ಗುರುತಿಲ್ಲದ ಮೂವರ ಜೊತೆ ಸೇರಿಸಿದರು. ಐದನೇ ಹೋಲ್ ಹೊತ್ತಿಗೆ ಹಿಂದಿನ ಗುಂಪು ಸೊಂಟದ ಮೇಲೆ ಕೈ ಇಟ್ಟು ಕಾಯುತ್ತಿತ್ತು. ಜೊತೆಯವರೊಬ್ಬರು 'ಕಲಿತು ಬರಬೇಕಿತ್ತು' ಅಂದೇ ಬಿಟ್ಟರು. ಅರ್ಧಕ್ಕೇ ವಾಪಸ್ ಬಂದೆ. ಮೈಸೂರಿನಲ್ಲಿರುವ ಅಪ್ಪ 'ಅದು ದುಡ್ಡಿದ್ದವರ ಆಟ ಕಣೋ, ನಿನಗ್ಯಾಕೆ' ಅಂತಾರೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ನನ್ನಂಥವರು ಆಡೋ ಜಾಗ ಇದೆಯಾ? ಒಂದು ಆಟಕ್ಕೆ ಇಷ್ಟು ನೆಲ, ನೀರು ಕೊಡೋದು ಸರೀನಾ?"

ನಮಸ್ಕಾರ. ನಿಮ್ಮ ಕಾಗದ ಓದಿ ಬೇಜಾರಾಯಿತು. ಆ ಮಾತು ಆಡಿದವರು ತಪ್ಪು ಮಾಡಿದರು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಗರಪಾಲಿಕೆಯ ಗಾಲ್ಫ್ ಕೋರ್ಸ್ ಅಂದರೆ ಪಾರ್ಕು. ಫೀ ಕಟ್ಟಿ ಸಮಯ ಕಾದಿರಿಸಿದವರಿಗೆಲ್ಲ ಅಲ್ಲಿ ಸಮಾನ ಹಕ್ಕು. ಒಬ್ಬರೇ ಬಂದವರನ್ನು ಇನ್ನೊಂದು ಗುಂಪಿನ ಜೊತೆ ಸೇರಿಸಿ ನಾಲ್ವರನ್ನು ಮಾಡುವುದು ಅಲ್ಲಿನ ದಿನನಿತ್ಯದ ಪದ್ಧತಿ. ನಿಮ್ಮನ್ನು ಸೇರಿಸಿಕೊಂಡು ಯಾರೂ ಉಪಕಾರ ಮಾಡಲಿಲ್ಲ.

ನಿಮ್ಮ ತಂದೆಯವರ ಮಾತು ಅವರು ಕಂಡದ್ದರಿಂದ ಬಂದದ್ದು. ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಇವತ್ತಿಗೂ ನಮ್ಮ ಊರುಗಳಲ್ಲಿ ಗಾಲ್ಫ್ ಅಂದರೆ ಮೆಂಬರ್‌ಶಿಪ್. ಮೈಸೂರಿನಲ್ಲಿ ರೇಸ್‌ಕೋರ್ಸ್ ಬೇಲಿಯಾಚೆ, ಚಾಮುಂಡಿ ಬೆಟ್ಟದ ಬುಡದಲ್ಲಿ ಕಾಣುವ ಆ ಹಸಿರು ಹೊರಗಿನವರಿಗೆ ನೋಡೋಕೆ ಮಾತ್ರ. ಅಂಥ ಕಡೆಯೂ ಒಂದು ಸಣ್ಣ ಬಾಗಿಲು ತೆರೆದರೆ ಏನಾಗಬಹುದು ಅನ್ನೋದಕ್ಕೆ ಅದಿತಿ ಅಶೋಕ್ ಇದ್ದಾರೆ. ಬೆಂಗಳೂರಿನಲ್ಲಿ ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋದಾಗ, ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಡ್ರೈವಿಂಗ್ ರೇಂಜ್, ಅಂದರೆ ಹೊಡೆತ ಅಭ್ಯಾಸ ಮಾಡುವ ಬಯಲು, ಕಂಡಿತು. ಆಗ ಅವರಿನ್ನೂ ಪುಟ್ಟ ಹುಡುಗಿ. ಆಡಿ ನೋಡೋಣ ಅಂತ ಹೋದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದದ್ದು ಅದೇ ಹುಡುಗಿ. ನೀವಿರುವ ಕಡೆ ಅಂಥ ಬಾಗಿಲು ಊರಿಗೊಂದು ಇದೆ. ಎಲ್ಲಿಂದ ಒಳಗೆ ಹೋಗಬೇಕು ಅನ್ನೋದಷ್ಟೇ ಪ್ರಶ್ನೆ.

ಒಂದು ಹೋಲ್ ಅಂದರೆ ಮೊದಲ ಹೊಡೆತದ ಜಾಗದಿಂದ (ಟೀ) ಕುಳಿ ಇರುವ ನುಣುಪು ಹುಲ್ಲಿನವರೆಗಿನ (ಗ್ರೀನ್) ಒಂದು ಹಂತ. ಶನಿವಾರ ಬೆಳಗ್ಗೆ 18 ಹೋಲ್ ಹೊಸಬರಿಗೆ ತುಂಬ ಕಷ್ಟದ ಸಮಯ. ವಾರವಿಡೀ ಕಾದು ಬಂದವರೆಲ್ಲ ಆಗಲೇ ಇರುತ್ತಾರೆ. ನಿಮ್ಮದೇ ಊರಿನ ನಗರಪಾಲಿಕೆಗೆ ಎರಡು ಕೋರ್ಸ್ ಇವೆ. 18 ಹೋಲ್‌ನದನ್ನು ಸದ್ಯಕ್ಕೆ ಬಿಡಿ. ವುಲ್ಫ್ ರಸ್ತೆಯ ಸಂಕನ್ ಗಾರ್ಡನ್ಸ್‌ಗೆ ಹೋಗಿ. ಒಂಬತ್ತೇ ಹೋಲ್, ಹೆಚ್ಚಿನವು ಪಾರ್ 3, ಅಂದರೆ ಮೂರು ಹೊಡೆತದಲ್ಲಿ ಮುಗಿಯಬೇಕಾದ ಚಿಕ್ಕ ಹೋಲ್‌ಗಳು. ಪಕ್ಕದ ಕೂಪರ್ಟಿನೊದಲ್ಲಿ ಬ್ಲ್ಯಾಕ್‌ಬೆರಿ ಫಾರ್ಮ್ ಇದೆ, ಅದೂ ಒಂಬತ್ತರದು. ವಾರದ ದಿನ ಕೆಲಸ ಮುಗಿಸಿಕೊಂಡು ಹೋಗಿ. ಸಂಜೆಯ ದರ ಸಾಮಾನ್ಯವಾಗಿ ಕಡಿಮೆ. ಹಿಂದೆ ಯಾರೂ ಇಲ್ಲದಿದ್ದರೆ ಅದೇ ಹೊಡೆತವನ್ನು ಇನ್ನೊಂದು ಸಲ ಹೊಡೆದು ನೋಡಬಹುದು.

ಭಾನುವಾರ ಮನೆಯವರ ಜೊತೆ ಸ್ಯಾನ್ ಫ್ರಾನ್ಸಿಸ್ಕೊ ಕಡೆ ಹೋದರೆ ಗೋಲ್ಡನ್ ಗೇಟ್ ಪಾರ್ಕ್‌ನ ಒಂಬತ್ತು ಹೋಲ್ ಆಡಿ. ನನಗೆ ಬಹಳ ಇಷ್ಟವಾದ ಜಾಗ. 1951ರಲ್ಲಿ ಶುರುವಾದದ್ದು. ಮಾಡಿದವರು ಜ್ಯಾಕ್ ಫ್ಲೆಮಿಂಗ್. ಐರ್ಲೆಂಡಿನಿಂದ ಬಂದು, ಅಲಿಸ್ಟರ್ ಮೆಕೆಂಜಿಯಂಥ ದೊಡ್ಡ ವಿನ್ಯಾಸಕಾರರ ಕೈಕೆಳಗೆ ಕೆಲಸ ಕಲಿತು, ಆಮೇಲೆ ನಗರದ ಪಾರ್ಕ್ ಇಲಾಖೆಗೆ ದುಡಿದವರು. 2018ರಲ್ಲಿ ಅಲ್ಲಿನ ಕ್ಲಬ್‌ಹೌಸ್ ಸುಟ್ಟುಹೋಯಿತು. ಕೋರ್ಸ್ ಹೊಸದಾಗಿ ರೂಪುಗೊಂಡು 2024ರಲ್ಲಿ ಮತ್ತೆ ತೆರೆಯಿತು. ಡ್ರೈವರ್ (ದೂರಕ್ಕೆ ಹೊಡೆಯುವ ಉದ್ದನೆಯ ಕೋಲು) ಮನೆಯಲ್ಲೇ ಬಿಡಿ. ಹತ್ತಿರದ ಹೊಡೆತಕ್ಕೆ ಒಂದು ವೆಡ್ಜ್, ಮಧ್ಯಮ ದೂರಕ್ಕೆ ಒಂದೆರಡು ಐರನ್, ಗ್ರೀನ್ ಮೇಲೆ ಚೆಂಡು ಉರುಳಿಸಲು ಒಂದು ಪಟರ್ ಸಾಕು. ಸಮುದ್ರ ಹತ್ತಿರ, ಗಾಳಿ ಜಾಸ್ತಿ. ಜುಲೈನಲ್ಲೂ ಮಂಜು ಕವಿದು ಚಳಿ ಹಿಡಿಯುತ್ತದೆ, ಸ್ವೆಟರ್ ಮರೆಯಬೇಡಿ.

ಹಾರ್ಡಿಂಗ್ ಪಾರ್ಕ್ ಬಗ್ಗೆ ನಿಮ್ಮ ಆಫೀಸಿನವರು ಹೇಳಿರುತ್ತಾರೆ. ಮರ್ಸೆಡ್ ಸರೋವರದ ದಂಡೆಯ ಈ ಕೋರ್ಸ್ 1925ರದು. 1998ರಲ್ಲಿ ಪಕ್ಕದ ಒಲಿಂಪಿಕ್ ಕ್ಲಬ್‌ನಲ್ಲಿ ಯುಎಸ್ ಓಪನ್ ಗಾಲ್ಫ್ ನಡೆದಾಗ ಇದರ ಫೇರ್‌ವೇಗಳ (ಟೀ ಮತ್ತು ಗ್ರೀನ್ ನಡುವಿನ ಹುಲ್ಲುಹಾಸು) ಮೇಲೆ ಕಾರು ನಿಲ್ಲಿಸಿದ್ದರು, ಅಷ್ಟು ಕೆಟ್ಟ ಸ್ಥಿತಿ. ರಿಪೇರಿಯಾಗಿ 2003ರಲ್ಲಿ ತೆರೆದ ಮೇಲೆ 2005ರಲ್ಲಿ ಟೈಗರ್ ವುಡ್ಸ್ ಇಲ್ಲಿ ನಡೆದ ದೊಡ್ಡ ಟೂರ್ನಿಯೊಂದನ್ನು ಪ್ಲೇಆಫ್‌ನಲ್ಲಿ, ಅಂದರೆ ಸಮಬಲವಾದ ಮೇಲೆ ಆಡಿದ ಹೆಚ್ಚುವರಿ ಹೋಲ್‌ಗಳಲ್ಲಿ, ಗೆದ್ದರು. ಗಾಲ್ಫಿನ ದೊಡ್ಡ ಟೂರ್ನಿಗಳಲ್ಲೊಂದಾದ ಪಿಜಿಎ ಚಾಂಪಿಯನ್‌ಶಿಪ್ 2020ರಲ್ಲಿ ಇಲ್ಲೇ ಪ್ರೇಕ್ಷಕರಿಲ್ಲದೆ ನಡೆಯಿತು. 23ರ ಹುಡುಗ ಕಾಲಿನ್ ಮೊರಿಕಾವ 16ನೇ ಹೋಲ್‌ನಲ್ಲಿ ಟೀಯಿಂದ ಒಂದೇ ಹೊಡೆತಕ್ಕೆ ಚೆಂಡನ್ನು ಗ್ರೀನ್ ಮೇಲೆ ತಂದು, ಅಲ್ಲಿಂದ ಕುಳಿಗೆ ಉರುಳಿಸಿ ಗೆದ್ದರು. ಅದೇ ಟೀ ಮೇಲೆ ನೀವೂ ನಿಲ್ಲಬಹುದು. ಪಬ್ಲಿಕ್ ಕೋರ್ಸ್‌ನ ದೊಡ್ಡತನ ಇದೇ. ಆದರೆ ಸ್ಯಾನ್ ಫ್ರಾನ್ಸಿಸ್ಕೊ ನಿವಾಸಿಗಳಿಗೆ ಒಂದು ದರ, ನಿಮಗೂ ನನಗೂ ಇನ್ನೊಂದು, ಅದೂ ಸಿಕ್ಕಾಪಟ್ಟೆ ಜಾಸ್ತಿ. ಈಗಲೇ ಆ ದುಡ್ಡು ಸುರಿಯಬೇಡಿ.

ಅದಕ್ಕಿಂತ ಲಿಂಕನ್ ಪಾರ್ಕ್‌ಗೆ ಹೋಗಿ. ಹುಲ್ಲು ಅಷ್ಟು ಚೆನ್ನಾಗಿರಲ್ಲ, ಏರುತಗ್ಗು ಬೇರೆ. ಆದರೆ 17ನೇ ಹೋಲ್‌ನಿಂದ ಗೋಲ್ಡನ್ ಗೇಟ್ ಸೇತುವೆ ಕಾಣುವ ಪರಿ ಯಾವ ದುಬಾರಿ ಕ್ಲಬ್ಬಿನಲ್ಲೂ ಸಿಗದು. ಆ ನೆಲ ಒಂದು ಕಾಲಕ್ಕೆ ನಗರದ ಸ್ಮಶಾನ. ಬಡವರನ್ನು, ವಲಸೆ ಬಂದ ಚೀನೀಯರನ್ನು ಹೂಳುತ್ತಿದ್ದ ಜಾಗ. ಮೇಲಿನ ಗುರುತುಗಳನ್ನು ತೆಗೆದರು, ಕೆಳಗಿದ್ದವರಲ್ಲಿ ತುಂಬ ಜನ ಅಲ್ಲೇ ಉಳಿದರು. 1990ರ ದಶಕದಲ್ಲಿ ಅಲ್ಲೇ ಇರುವ ಲೀಜನ್ ಆಫ್ ಆನರ್ ಮ್ಯೂಸಿಯಂನ ಕಾಮಗಾರಿಗೆ ಅಗೆದಾಗ ನೂರಾರು ಅಸ್ಥಿಪಂಜರ ಸಿಕ್ಕವು. ಚೀನೀಯರ ಅಂತ್ಯಕ್ರಿಯೆಯ ಒಂದು ಕಲ್ಲಿನ ಮಂಟಪ ಇವತ್ತಿಗೂ ಫೇರ್‌ವೇಗಳ ನಡುವೆ ನಿಂತಿದೆ. ಊರು ಬಿಟ್ಟು ಬಂದು ಇಲ್ಲೇ ಮಣ್ಣಾದವರು ಅವರು. ಆ ಕಡೆ ಹೋದರೆ ಅದನ್ನು ನೋಡದೆ ಬರಬೇಡಿ.

ಇನ್ನು ನಿಮಗೆ ಆದ ಅವಮಾನದ ವಿಷಯ. ನೀವು ಕೆಟ್ಟದಾಗಿ ಆಡಿದ್ದು ಯಾರಿಗೂ ತೊಂದರೆ ಅಲ್ಲ. ತಡವಾದದ್ದು ತೊಂದರೆ. ಇವೆರಡೂ ಬೇರೆ ಬೇರೆ, ಮತ್ತು ಎರಡನೆಯದನ್ನು ಒಂದೇ ವಾರದಲ್ಲಿ ಸರಿಮಾಡಿಕೊಳ್ಳಬಹುದು. ಬೇರೆಯವರು ಹೊಡೆಯುವಾಗಲೇ ನೀವು ಹೊಡೆಯುವ ಕೋಲು ಆರಿಸಿ ಇಟ್ಟುಕೊಳ್ಳಿ. ಅಭ್ಯಾಸಕ್ಕೆ ಒಂದು ಸಲ ಬೀಸಿ, ಹೊಡೆದುಬಿಡಿ. ಕಳೆದ ಚೆಂಡು ಹುಡುಕಲು 2019ರಿಂದ ನಿಯಮದ ಪ್ರಕಾರವೇ ಮೂರು ನಿಮಿಷ ಮಾತ್ರ. ನೀವು ಒಂದು ನಿಮಿಷಕ್ಕೇ ಬಿಟ್ಟುಬಿಡಿ, ಜೇಬಿನಲ್ಲಿ ಇನ್ನೊಂದು ಚೆಂಡು ಇರಲಿ. ಹೊಸ ಚೆಂಡು ಕೊಳ್ಳಬೇಡಿ, ಬಳಸಿದವು ಅಗ್ಗಕ್ಕೆ ಸಿಗುತ್ತವೆ. ಪಾರ್ 4ರಲ್ಲಿ ಎಂಟು ಹೊಡೆತ ದಾಟಿತು ಅಂದರೆ ಚೆಂಡು ಎತ್ತಿಕೊಂಡು ಮುಂದಿನ ಹೋಲ್‌ಗೆ ನಡೆಯಿರಿ. ಸುಮ್ನೆ ಆಡುವ ಆಟದಲ್ಲಿ ಇದಕ್ಕೆ ಯಾರೂ ಏನೂ ಅನ್ನಲ್ಲ, ಒಳಗೊಳಗೇ ಖುಷಿಪಡುತ್ತಾರೆ. ಹಿಂದಿನವರು ಕಾಯುತ್ತಿದ್ದರೆ ಪಕ್ಕಕ್ಕೆ ಸರಿದು ಕೈಬೀಸಿ ಮುಂದೆ ಕಳಿಸಿ.

ಗ್ರೀನ್ ಹತ್ತಿರ ಬ್ಯಾಗನ್ನು ಮುಂದಿನ ಟೀ ಇರುವ ಬದಿಗೇ ಇಡಿ, ಮುಗಿದ ಮೇಲೆ ವಾಪಸ್ ನಡೆಯೋದು ತಪ್ಪುತ್ತದೆ. ಮತ್ತೆ, ನಿಮ್ಮ ಚೆಂಡು ಎತ್ತರದಿಂದ ಬಿದ್ದ ಜಾಗ ನೋಡಿ. ಹುಲ್ಲಿನಲ್ಲಿ ಬೆರಳಗಲದ ಒಂದು ತಗ್ಗು ಬಿದ್ದಿರುತ್ತದೆ. ಎರಡು ಹಲ್ಲಿನ ಸಣ್ಣ ಫೋರ್ಕ್ ಕೌಂಟರಿನಲ್ಲಿ ಸಿಗುತ್ತದೆ, ಅದನ್ನು ತಗ್ಗಿನ ಅಂಚಿಗೆ ಚುಚ್ಚಿ ಹುಲ್ಲನ್ನು ನಡುವಿಗೆ ತಳ್ಳಿ. ಸುತ್ತಲೂ ಹೀಗೆ. ಕೆಳಗಿನಿಂದ ಮೀಟಿ ಎತ್ತಬೇಡಿ, ಬೇರು ಹರಿದು ಹುಲ್ಲು ಸಾಯುತ್ತದೆ. ಆಮೇಲೆ ಪಟರ್‌ನಿಂದ ಮೆಲ್ಲಗೆ ತಟ್ಟಿ ಸಮ ಮಾಡಿ. ಪಕ್ಕದಲ್ಲಿ ಬೇರೆಯವರು ಬಿಟ್ಟುಹೋದದ್ದು ಕಂಡರೆ ಅದನ್ನೂ ಮಾಡಿ. ಚೆನ್ನಾಗಿ ಆಡುವವರು ನಿಮ್ಮ ಸ್ಕೋರ್ ಗಮನಿಸುವುದಿಲ್ಲ, ಇದನ್ನು ಖಂಡಿತ ಗಮನಿಸುತ್ತಾರೆ.

ಫೋನ್ ಮಾಡಿ ಸಮಯ ಕಾದಿರಿಸುವಾಗ ಒಂದು ಮಾತು ಕೇಳಿ: ಗ್ರೀನ್‌ಗೆ ಏರೇಷನ್ ಆಗಿದೆಯಾ ಅಂತ. ಗಾಳಿ ನೀರು ಇಳಿಯಲಿ ಅಂತ ವರ್ಷಕ್ಕೆ ಒಂದೆರಡು ಸಲ ತೂತು ಕೊರೆದು ಮರಳು ತುಂಬುತ್ತಾರೆ. ಆ ವಾರ ಆಡಿದರೆ ಚೆಂಡು ಕುಣಿಯುತ್ತಾ ಹೋಗುತ್ತದೆ, ನೀವು ನಿಮ್ಮನ್ನೇ ಬೈದುಕೊಳ್ಳುತ್ತೀರಿ.

ಕೊನೆಗೆ ನೆಲ ಮತ್ತು ನೀರು. ಇದು ಸರಿಯಾದ ಪ್ರಶ್ನೆ, ಆಡುವವರೇ ಕೇಳಬೇಕಾದದ್ದು. ಹಾರ್ಡಿಂಗ್ ಪಾರ್ಕ್‌ನ ಹುಲ್ಲಿಗೆ 2012ರಿಂದ ಡೇಲಿ ಸಿಟಿ ಕಡೆಯಿಂದ ಬರುವ ಶುದ್ಧೀಕರಿಸಿದ ಕೊಳಚೆ ನೀರು. ಕುಡಿಯುವ ನೀರು ಹಾಯಿಸುವುದಕ್ಕಿಂತ ಎಷ್ಟೋ ವಾಸಿ. ಪೆಸಿಫಿಕಾದ ಶಾರ್ಪ್ ಪಾರ್ಕ್ ಕಥೆ ಇನ್ನೂ ಜಟಿಲ. ಅಗಸ್ಟಾ ನ್ಯಾಷನಲ್ ಅನ್ನುವ ಪ್ರಸಿದ್ಧ ಖಾಸಗಿ ಕೋರ್ಸ್ ರೂಪಿಸಿದ ಅದೇ ಮೆಕೆಂಜಿ 1930ರ ದಶಕದ ಶುರುವಿನಲ್ಲಿ ಸಾಮಾನ್ಯ ಜನರಿಗಾಗಿ ಮಾಡಿದ ಕಡಲದಂಡೆಯ ಕೋರ್ಸ್ ಅದು. ಅಲ್ಲಿನ ಜವುಗಿನಲ್ಲಿ ಅಳಿವಿನಂಚಿನ ಸ್ಯಾನ್ ಫ್ರಾನ್ಸಿಸ್ಕೊ ಗಾರ್ಟರ್ ಹಾವು, ಕೆಂಪುಕಾಲಿನ ಕಪ್ಪೆ ಇವೆ. ಕೋರ್ಟಿನವರೆಗೂ ಜಗಳ ಹೋಯಿತು. ಪರಿಸರದವರ ವಾದದಲ್ಲಿ ಹುರುಳಿದೆ. ಜವುಗು ಉಳಿಯಲೇಬೇಕು, ಅದಕ್ಕೆ ಒಂದೆರಡು ಹೋಲ್ ಜರುಗಿಸಬೇಕಾದರೂ ಸರಿ ಅನ್ನುವುದು ನನ್ನ ಅಭಿಪ್ರಾಯ.

ಆ ನೆಲದಲ್ಲಿ ಮನೆ ಕಟ್ಟಬೇಕು ಅನ್ನುವವರ ವಾದ ಇನ್ನೂ ಗಟ್ಟಿ. ನಗರಪಾಲಿಕೆಯ ಕೋರ್ಸ್‌ಗಳನ್ನು ವಸತಿಗೆ ಬಿಟ್ಟುಕೊಡಲು ಪ್ರೋತ್ಸಾಹ ಕೊಡುವ ಮಸೂದೆಯೊಂದು ಕ್ಯಾಲಿಫೋರ್ನಿಯಾ ಶಾಸನಸಭೆಗೆ ಬಂದು 2022ರಲ್ಲಿ ಬಿದ್ದುಹೋಯಿತು. ಬಾಡಿಗೆ ಕಟ್ಟಲಾಗದೆ ಒದ್ದಾಡುವವರು ಹಸಿರು ಬಯಲು ತೋರಿಸಿ ಕೇಳಿದರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ದುಬಾರಿ ಫೀ ಇಟ್ಟು, ವಾರಾಂತ್ಯವೆಲ್ಲ ಅವರಿವರ ಟೂರ್ನಮೆಂಟಿಗೆ ಕೊಡುವ ಕೋರ್ಸ್ ಹತ್ತಿರ ಆ ಉತ್ತರ ಇರಲ್ಲ. ಶಾಲೆ ಮಕ್ಕಳು, ನಿವೃತ್ತರು, ನಿಮ್ಮಂಥ ಹೊಸಬರು ಕಡಿಮೆ ದುಡ್ಡಿಗೆ ಆಡುವ ಕೋರ್ಸ್ ಹತ್ತಿರ ಇರುತ್ತದೆ. ನಿಮ್ಮ ಪಕ್ಕದ ಸ್ಯಾಂಟಾ ಕ್ಲಾರಾದ ಪಬ್ಲಿಕ್ ಕೋರ್ಸ್ 2019ರಲ್ಲಿ ದೊಡ್ಡ ಕಟ್ಟಡ ಯೋಜನೆಗಾಗಿ ಮುಚ್ಚಿತು. ಸನಿವೇಲ್‌ನ ಸಿಟಿ ಕೌನ್ಸಿಲ್‌ನಲ್ಲಿ ಗಾಲ್ಫ್ ಬಜೆಟ್ ಚರ್ಚೆಗೆ ಬಂದ ದಿನ ನೀವು ಹೋಗಿ. ಸಾರ್ವಜನಿಕರು ಮಾತಾಡಲು ಅಲ್ಲಿ ಸಮಯ ಇರುತ್ತದೆ. ಮಕ್ಕಳಿಗೆ ಎಷ್ಟು ದರ, ಹೊಸಬರಿಗೆ ಯಾವ ಹೊತ್ತು ಮೀಸಲು, ಹುಲ್ಲಿಗೆ ಯಾವ ನೀರು, ಈ ಮೂರನ್ನೂ ಕೇಳಿ.