ಸೆಂಟರಿಗೆ ಬಿಟ್ಟು ಬಂದರೆ ಸಾಕಾ?

ತಂಗೀ, ರಾಯಚೂರಿನಿಂದ ಡಲ್ಲಾಸ್‌ಗೆ ಬಂದು ಸಾಮಾನು ಬಿಚ್ಚುವಷ್ಟರಲ್ಲೇ ಮಗನಿಗೆ ಆಟಿಸಂ ಅಂತ ಡಾಕ್ಟರು ಬರೆದುಕೊಟ್ಟರು, ಅವನಿಗೆ ಈಗ 2 ವರ್ಷ 8 ತಿಂಗಳು ಅಂತ ಬರೆದಿದ್ದೀರಿ. ವಾರಕ್ಕೆ 25 ತಾಸು ಎಬಿಎ ಥೆರಪಿಗೆ (ಮಾತು, ನಡವಳಿಕೆ, ದಿನದ ಕೆಲಸಗಳನ್ನು ಸಣ್ಣ ಹೆಜ್ಜೆಗಳಲ್ಲಿ, ಬಹುಮಾನ ಕೊಟ್ಟು ಕಲಿಸುವ ವಿಧಾನ) ಸೆಂಟರಿಗೆ ಬಿಟ್ಟು ಬಂದರೆ ಸಾಕಾ, ಮನೆಯಲ್ಲಿ ಕನ್ನಡ ಬಿಡಬೇಕಾ, ಖರ್ಚು ಹೆಂಗೆ ಅಂತ ಕೇಳಿದ್ದೀರಿ.

ಮೊದಲು ಗಡುವು. ಮೂರು ವರ್ಷ ತುಂಬುವವರೆಗೆ ಇಂಥ ಮಕ್ಕಳನ್ನು ಟೆಕ್ಸಾಸಿನಲ್ಲಿ ಇಸಿಐ ಎಂಬ ಸರ್ಕಾರಿ ವ್ಯವಸ್ಥೆ ನೋಡಿಕೊಳ್ಳುತ್ತದೆ, ಆಮೇಲೆ ನಿಮ್ಮ ವಿಳಾಸದ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳ ಆಡಳಿತ. ನಿಮಗಿರುವುದು ನಾಲ್ಕೇ ತಿಂಗಳು. ಇಸಿಐಗೆ ಈ ವಾರವೇ ಫೋನ್ ಮಾಡಿ, ತಪಾಸಣೆ ಉಚಿತ. ಜೊತೆಗೇ ಡಿಸ್ಟ್ರಿಕ್ಟ್‌ಗೆ ಸ್ಪೆಷಲ್ ಎಜುಕೇಶನ್ ಇವ್ಯಾಲ್ಯುಯೇಶನ್ ಬೇಕು ಅಂತ ಇಮೇಲ್ ಹಾಕಿ. ಬರಹದಲ್ಲಿ ಕೇಳಿದರೆ 15 ಶಾಲಾ ದಿನಗಳೊಳಗೆ ಅವರು ಉತ್ತರಿಸಲೇಬೇಕು. ಫೋನಿನಲ್ಲಿ ಆಡಿದ ಮಾತಿಗೆ ಲೆಕ್ಕವಿಲ್ಲ. ಇದಕ್ಕೆ ನಿಮ್ಮ ವೀಸಾ ಅಡ್ಡಿಯಲ್ಲ.

ಖರ್ಚು ನಿಮ್ಮ ಯಜಮಾನರ ಇನ್ಶೂರೆನ್ಸ್ ಮೇಲೆ ನಿಂತಿದೆ. ಆಟಿಸಂ ಚಿಕಿತ್ಸೆಗೆ ಇನ್ಶೂರೆನ್ಸ್ ಕೊಡಬೇಕೆಂಬ ಕಾನೂನು ಎಲ್ಲ 50 ರಾಜ್ಯಗಳಲ್ಲೂ ಇದೆ. ಆದರೆ ಕಂಪನಿ ತನ್ನ ಹಣದಲ್ಲೇ ನಡೆಸುವ ಸೆಲ್ಫ್ ಫಂಡೆಡ್ ಪ್ಲಾನಿಗೆ ರಾಜ್ಯದ ಕಾನೂನು ತಗಲುವುದಿಲ್ಲ. ದೊಡ್ಡ ಕಂಪನಿಗಳದು ಬಹುಪಾಲು ಇದೇ. ಎಚ್‌ಆರ್‌ಗೆ ಎರಡು ಕೇಳಿ: ಪ್ಲಾನ್ ಸೆಲ್ಫ್ ಫಂಡೆಡ್ಡಾ, ಅದರಲ್ಲಿ ಎಬಿಎ ಇದೆಯಾ. 97156 ಅನ್ನುವ ಬಿಲ್ಲಿಂಗ್ ಕೋಡ್ ಹಿಡಿದು ಕೇಳಿದರೆ ತಂದೆತಾಯಿಗೆ ಕೊಡುವ ತರಬೇತಿಯ ಲೆಕ್ಕವೂ ಗೊತ್ತಾಗುತ್ತದೆ. ಪ್ಲಾನಿನ ವರ್ಷ ಜನವರಿಗೆ ತಿರುಗುವುದಾದರೆ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ನೀವೇ ಕಟ್ಟಬೇಕಾದ ಮೊತ್ತ) ಆಗ ಮತ್ತೆ ಮೊದಲಿನಿಂದ ಶುರು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಬಿಟ್ಟು ಬಂದರೆ ಸಾಲದು. ದಿನವಿಡೀ ಮಗುವಿನ ಜೊತೆ ಕೂರುವ ಟೆಕ್ನಿಶಿಯನ್‌ಗೆ ಕಡ್ಡಾಯ ತರಬೇತಿ 40 ತಾಸು ಮಾತ್ರ. ಯೋಜನೆ ಹಾಕುವವರು ಬಿಸಿಬಿಎ, ಅಂದರೆ ಎಬಿಎಯಲ್ಲಿ ಪ್ರಮಾಣಪತ್ರ ಪಡೆದ ತಜ್ಞರು. ಟೆಕ್ನಿಶಿಯನ್ ಕೆಲಸದ ಕನಿಷ್ಠ ಶೇ. 5ರಷ್ಟು ಮೇಲ್ವಿಚಾರಣೆ ಆಗಬೇಕು, ಅಂದರೆ ತಿಂಗಳ 100 ತಾಸಿಗೆ 5 ತಾಸು. ಅಷ್ಟಕ್ಕೇ ನಿಲ್ಲಿಸುವ ಸೆಂಟರ್ ಬೇಡ. ಒಳಗೆ ಕೂತು ನೋಡಲು ಬಿಡದ ಜಾಗಕ್ಕೂ ಸೇರಿಸಬೇಡಿ, ಅದಕ್ಕೆ ಅವರು ಏನೇ ಕಾರಣ ಹೇಳಲಿ.

ಅಲ್ಲಿ ಕಲಿತದ್ದು ಮನೆಯಲ್ಲಿ ಬರದೇ ಇರುವುದು ಮಾಮೂಲು. ಸೆಂಟರಿನಲ್ಲಿ ನೊರೆ ಸೋಪಿನಿಂದ ಕೈ ತೊಳೆಯುವ ಮಗು ಮನೆಯ ಸೋಪಿನ ಬಿಲ್ಲೆ ಕಂಡು ಸುಮ್ಮನೆ ನಿಲ್ಲುತ್ತದೆ. ಮನೆಯಲ್ಲಿ ಕೊನೆಯಿಂದ ಕಲಿಸಿ. ನಲ್ಲಿ ತಿರುಗಿಸುವುದು, ನೆನೆಸುವುದು, ಸೋಪು, ಉಜ್ಜುವುದು, ತೊಳೆಯುವುದು, ನಲ್ಲಿ ಮುಚ್ಚುವುದು, ಈ ಆರನ್ನು ಅವನ ಕೈ ಹಿಡಿದು ನೀವೇ ಮಾಡಿಸಿ. ಏಳನೆಯದು, ಟವೆಲ್ಲಿಗೆ ಒರೆಸುವುದು, ಅವನದು. ಅದು ಕೂತ ಮೇಲೆ ನಲ್ಲಿ ಮುಚ್ಚುವುದನ್ನೂ ಅವನಿಗೆ ಬಿಡಿ. ಹಿಡಿದ ಕೈಯನ್ನು ಮಣಿಕಟ್ಟಿಗೆ, ಮೊಣಕೈಗೆ ಸರಿಸುತ್ತಾ ಬಿಡಿಸಿ. ಸಡಿಲಿಸದಿದ್ದರೆ ನಿಮ್ಮ ಕೈ ಬರುವವರೆಗೂ ಅವನು ಕಾಯುವುದನ್ನೇ ಕಲಿಯುತ್ತಾನೆ.

ಮಾತಿಗೂ ಹಂಗೇ. ನೀರಿನ ಬಾಟಲಿ ಕಾಣುವಂತಿರಲಿ, ಮುಚ್ಚಳ ಬಿಗಿಯಾಗಿರಲಿ. ಅವನು ಕೈ ಚಾಚಿದಾಗ ಐದು ಎಣಿಸುವಷ್ಟು ಕಾಯಿರಿ, ಆಮೇಲೆ ‘ನೀರು’ ಅನ್ನಿ. ‘ನೀ’ ಅಂದರೂ, ನೀರಿನ ಚಿತ್ರ ಮುಟ್ಟಿ ತೋರಿಸಿದರೂ ತಕ್ಷಣ ಕೊಡಿ, ಒಂದೇ ಗುಟುಕು. ಗುಟುಕು ಸಣ್ಣದಾದಷ್ಟೂ ಕೇಳುವ ಸರದಿ ಹೆಚ್ಚು. ಬೇರೆ ಕಲಿಕೆಗೆ ಬಹುಮಾನವಾಗಿ ನಮ್ಮ ಮಂಡಕ್ಕಿ ಒಂದೊಂದೇ ಕಾಳು ಕೊಡಬಹುದು. ಇಡೀ ಶೇಂಗಾ ಬೇಡ, ಈ ವಯಸ್ಸಿಗೆ ಗಂಟಲಿಗೆ ಸಿಕ್ಕುತ್ತದೆ.

ಹಠಕ್ಕೆ ಒಂದು ನೋಟ್‌ಬುಕ್ ಇಡಿ. ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ನೀವು ಏನು ಕೊಟ್ಟಿರಿ ಅಂತ ಮೂರು ಗೆರೆ. ವಾರ ಕಳೆದರೆ ಅವನು ಚೀರುವುದು ಫೋನಿಗಾ, ಕೆಲಸ ತಪ್ಪಿಸಿಕೊಳ್ಳಲಿಕ್ಕಾ, ನಿಮ್ಮ ಗಮನಕ್ಕಾ, ಮಿಕ್ಸರ್ ಸದ್ದಿಗಾ ಅಂತ ಕಾಣುತ್ತದೆ. ಸದ್ದಿಗಾದರೆ ಮಿಕ್ಸರ್ ದೂರ ಇಡಿ, ಅದು ಹಠವೇ ಅಲ್ಲ. ಫೋನಿಗಾದರೆ ಮೊದಲು ಕೇಳುವ ದಾರಿ ಕಲಿಸಿ, ಆಮೇಲೆ ಚೀರಿದ್ದಕ್ಕೆ ಕೊಡುವುದು ನಿಲ್ಲಿಸಿ. ನಿಲ್ಲಿಸಿದ ಮೊದಲ ದಿನಗಳಲ್ಲಿ ಚೀರಾಟ ಹೆಚ್ಚಾಗುವುದೂ ಉಂಟು. ಎಲ್ಲರೂ ಸೋಲುವುದು ಇಲ್ಲೇ: ನಾಲ್ಕನೇ ದಿನ ಕೊಟ್ಟುಬಿಟ್ಟರೆ, ಇನ್ನೂ ಜೋರಾಗಿ ಚೀರಿದರೆ ಸಿಗುತ್ತದೆ ಅಂತ ನೀವೇ ಕಲಿಸಿದಂತೆ. ತನಗೋ ಬೇರೆಯವರಿಗೋ ಪೆಟ್ಟು ಮಾಡುತ್ತಾನೆಂದರೆ ಇದನ್ನು ನೀವೇ ಶುರು ಮಾಡಬೇಡಿ, ಬಿಸಿಬಿಎ ಎದುರಿಗಿರಲಿ.

ಕಣ್ಣಲ್ಲಿ ಕಣ್ಣಿಟ್ಟು ನೋಡಿಸುವುದು, ಖುಷಿಗೆ ಕೈ ಅಲ್ಲಾಡಿಸುವುದನ್ನು ಬಿಡಿಸುವುದು ಅವರ ಗುರಿಗಳ ಪಟ್ಟಿಯಲ್ಲಿದ್ದರೆ ತೆಗೆಸಿ. ಎಬಿಎ ಕಂಡು ಬೆಳೆದ ಆಟಿಸಂ ಇರುವ ದೊಡ್ಡವರಲ್ಲಿ ಎಷ್ಟೋ ಮಂದಿ ತಕರಾರು ಎತ್ತಿರುವುದು ಇಂಥವಕ್ಕೇ, ನ್ಯಾಯವಾಗಿದೆ. ಕೇಳುವುದು, ಬೇಡ ಅನ್ನುವುದು, ಶೌಚ, ಊಟ, ರಸ್ತೆಯಲ್ಲಿ ನಿಲ್ಲುವುದು ಮೊದಲು ಬರಲಿ.

ಕನ್ನಡ ಬಿಡಬೇಡಿ. ಎರಡು ಭಾಷೆಯಿಂದ ಆಟಿಸಂ ಮಕ್ಕಳ ಮಾತು ಇನ್ನಷ್ಟು ತಡವಾಗುವುದಿಲ್ಲ ಅಂತ ಅಧ್ಯಯನಗಳು ಕಂಡಿವೆ. ನಿಮಗೆ ಸಲೀಸಾಗಿ ಬರದ ಇಂಗ್ಲಿಷಿನಲ್ಲಿ ಎರಡೆರಡು ಪದ ಆಡುವುದಕ್ಕಿಂತ ಇದು ಮೇಲು. ಅವನು ಬಳಸುವ ‘ನೀರು’, ‘ಬೇಕು’, ‘ಸಾಕು’, ‘ಬ್ಯಾಡ’ ಮುಂತಾದ ಹತ್ತು ಪದ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಟೆಕ್ನಿಶಿಯನ್‌ಗೆ ಕೊಡಿ.

ಅತ್ತೆ ಆರು ತಿಂಗಳಿಗೆ ಬರುವವರಿದ್ದಾರಲ್ಲ. ‘ಅವರಪ್ಪನೂ ನಾಕು ವರ್ಷಕ್ಕ ಮಾತಾಡಿದ್ದ, ಸುಮ್ನಿರ್ರಿ’ ಅನ್ನುತ್ತಾರೆ, ವಾದ ಬೇಡ. ತೊಂದರೆ ಆ ಮಾತಿನದಲ್ಲ, ಅವನು ಬಾಯಿ ತೆರೆಯುವ ಮೊದಲೇ ರೊಟ್ಟಿ ಮುರಿದು ಬಾಯಿಗಿಡುವುದರದು. ಅವರನ್ನು ಒಂದು ದಿನ ತರಬೇತಿಗೆ ಜೊತೆಗೆ ಕೂರಿಸಿ, ನೀರಿನ ಬಾಟಲಿಯ ಕೆಲಸ ಪೂರಾ ಅವರಿಗೇ ವಹಿಸಿ.