ಅಜ್ಜಿ ಬಗ್ಗೆ ಬರೆಯೋಕೆ ಕೂತರೆ ಏನೂ ಬರುತ್ತಿಲ್ಲ

ಪ್ರಶ್ನೆ: ನನ್ನನ್ನು ಸಾಕಿ ಬೆಳೆಸಿದ್ದು ಅಜ್ಜಿ, ಅಮ್ಮನ ಅಮ್ಮ. ಅವರು ಹೋಗಿ ಒಂಬತ್ತು ತಿಂಗಳಾಯಿತು. ಯಾರು ಏನು ಕೇಳಿದರೂ ಇಲ್ಲ ಅಂದವರಲ್ಲ. ಅವರ ಬಗ್ಗೆ ಬರೆದಿಡೋಣ ಅಂತ ಕೂತರೆ ‘ತುಂಬಾ ಒಳ್ಳೆಯವರು’ ಅನ್ನೋದು ಬಿಟ್ಟು ಏನೂ ಹೊಳೆಯುತ್ತಿಲ್ಲ. ಕೊನೆಗಾಲದಲ್ಲಿ ಅವರ ಫೋನ್ ಎಷ್ಟೋ ಸಲ ಎತ್ತಲಿಲ್ಲ, ಅದೇ ಕೊರೆಯುತ್ತಿದೆ. ಅಮ್ಮ ‘ಎಷ್ಟು ದಿನ ಅಳ್ತೀಯ, ಮರೆತುಬಿಡು’ ಅಂತಾರೆ. ಮರೆಯಬೇಕಾ?

ಉತ್ತರ: ಬೇಡ. ಖಂಡಿತ ಬೇಡ.

ಹೋದವರಿಂದ ಮನಸ್ಸನ್ನು ಬಿಡಿಸಿಕೊಂಡರೇನೇ ನೆಮ್ಮದಿ ಅಂತ ಮನಶ್ಶಾಸ್ತ್ರದವರೂ ಬಹಳ ಕಾಲ ನಂಬಿದ್ದರು. 1917ರಲ್ಲಿ ಮನೋವಿಶ್ಲೇಷಣೆಯನ್ನು ಶುರುಮಾಡಿದ ಸಿಗ್ಮಂಡ್ ಫ್ರಾಯ್ಡ್ ಬರೆದದ್ದು ಹೆಚ್ಚುಕಡಿಮೆ ಅದನ್ನೇ. 1996ರಲ್ಲಿ ಶೋಕದ ಬಗ್ಗೆ ಅಧ್ಯಯನ ಮಾಡಿದ ಡೆನಿಸ್ ಕ್ಲಾಸ್ ಮತ್ತು ಜೊತೆಗಾರರು ಇದನ್ನು ಪ್ರಶ್ನಿಸಿದರು. ಜನ ಹೋದವರ ಜೊತೆಗಿನ ನಂಟನ್ನು ಕಡಿದುಕೊಳ್ಳುವುದಿಲ್ಲ, ಬೇರೆ ರೀತಿಯಲ್ಲಿ ಉಳಿಸಿಕೊಳ್ಳುತ್ತಾರೆ, ಅದು ಕಾಯಿಲೆಯಲ್ಲ ಅಂದರು. ನೀವು ಪೆನ್ನು ಹಿಡಿದು ಕೂತದ್ದೂ ಅದಕ್ಕೇ ಅಲ್ವಾ? ಒಂದು ಮಾತು ಮಾತ್ರ ಗಮನದಲ್ಲಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ (ಐಸಿಡಿ-11) ದೀರ್ಘಕಾಲದ ಶೋಕವೂ ಒಂದು ಸಮಸ್ಯೆಯಾಗಿ ಸೇರಿದೆ. ಆರು ತಿಂಗಳು ದಾಟಿದ ಮೇಲೂ ದುಃಖ ಚೂರೂ ಇಳಿಯದೆ, ದಿನದ ಕೆಲಸವನ್ನೇ ಮಾಡಲಾಗದಂತೆ ಹಿಡಿದುಕೊಂಡಿದ್ದರೆ ಆಪ್ತಸಮಾಲೋಚಕರನ್ನು ನೋಡಿ. ಆಗಾಗ ಅಳು ಬರುವುದು ಬೇರೆ, ಅದಕ್ಕೆ ಹೆದರಬೇಡಿ.

ಈಗ ಬರವಣಿಗೆ. ನಿಮ್ಮ ಅಜ್ಜಿಯಂಥವರ ಬಗ್ಗೆ ಬರೆಯುವುದು ನಿಜಕ್ಕೂ ಕಷ್ಟ, ಯಾಕೆಂದರೆ ಅವರ ಬದುಕಿನ ಮುಕ್ಕಾಲು ಭಾಗ ಬೇರೆಯವರ ಮನೆಗಳಲ್ಲಿ, ಬೇರೆಯವರ ನೆನಪಿನಲ್ಲಿ ಉಳಿದಿರುತ್ತದೆ, ನಿಮ್ಮೊಬ್ಬರ ಹತ್ತಿರ ಅಷ್ಟೂ ಇಲ್ಲ. ಅವರಿಂದ ಸಹಾಯ ಪಡೆದವರನ್ನು ಹುಡುಕಿಕೊಂಡು ಹೋಗಿ. ‘ಅಜ್ಜಿ ಹೇಗಿದ್ದರು’ ಅಂತ ಕೇಳಿದರೆ ಅವರೂ ‘ದೇವತೆ’ ಅಂದು ಸುಮ್ಮನಾಗುತ್ತಾರೆ. ಹಾಗೆ ಕೇಳಬೇಡಿ. ಅವತ್ತು ಏನು ಕೊಟ್ಟರು, ಕೊಡುವಾಗ ಏನಂದರು, ಯಾರಿಗೂ ಹೇಳಬೇಡ ಅಂದಿದ್ದರಾ, ಅಂತ ಕೇಳಿ. ಎಲ್ಲರಿಗೂ ವಯಸ್ಸಾಗುತ್ತಿದೆ, ಮುಂದೂಡಬೇಡಿ. ಒಪ್ಪಿದರೆ ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಅಜ್ಜಿಯ ಧ್ವನಿ ಎಲ್ಲಾದರೂ ಉಳಿದಿದ್ದರೆ ಇವತ್ತೇ ಎರಡು ಮೂರು ಕಡೆ ಕಾಪಿ ಮಾಡಿಡಿ, ಫೋನ್ ಕೆಟ್ಟರೆ ಅದೂ ಹೋಗುತ್ತದೆ.

ಇನ್ನೊಂದು ವಿಷಯ ನನಗೆ ಜಾಸ್ತಿ ಮುಖ್ಯ. ಕೊಡುವವರನ್ನು ‘ನಿಮಗೇನು ಬೇಕು’ ಅಂತ ನಾವು ಕೇಳುವುದೇ ಕಡಿಮೆ. ಅಜ್ಜಿಗೆ ಯಾವುದರ ಮೇಲೆ ಆಸೆ ಇತ್ತು? ಯಾರ ಮೇಲೆ ಸಿಟ್ಟಿತ್ತು? ಯಾರಿಗೂ ಕೊಡದೆ ತಮಗೇ ಇಟ್ಟುಕೊಂಡ ವಸ್ತು ಯಾವುದು? ಬರೀ ತ್ಯಾಗ ಬರೆದರೆ ಅಜ್ಜಿ ಕಾಣುವುದಿಲ್ಲ. ಅವರ ಹಟವನ್ನೂ ಬರೆಯಿರಿ.

ಎತ್ತದೆ ಬಿಟ್ಟ ಫೋನಿನ ಬಗ್ಗೆ ಸುಮ್ನೆ ಸಮಾಧಾನ ಹೇಳಲಾರೆ. ಎತ್ತಬೇಕಿತ್ತು, ನಿಜ. ಆದರೆ ಅಷ್ಟು ವರ್ಷ ನಿಮ್ಮನ್ನು ಸಾಕಿದವರಿಗೆ ನಿಮ್ಮ ಗುಣ ಆ ಕೆಲವು ತಿಂಗಳಿಂದಷ್ಟೇ ಗೊತ್ತಿದ್ದದ್ದಲ್ಲ. ಅದನ್ನೂ ಬರೆಯಿರಿ, ಅಜ್ಜಿಗೇ ಹೇಳುತ್ತಿರುವ ಹಾಗೆ.

ಇನ್ನು ನಿಮ್ಮ ಅಮ್ಮ. ನಿಮಗೆ ಹೋದದ್ದು ಅಜ್ಜಿ, ಅವರಿಗೆ ಹೋದದ್ದು ತಾಯಿ. ‘ಮರೆತುಬಿಡು’ ಅನ್ನುವಾಗ ಅವರು ತಮಗೇ ಹೇಳಿಕೊಳ್ಳುತ್ತಿರಬಹುದು. ಮೊದಲ ಪ್ರಶ್ನೆ ಅವರಿಗೇ ಕೇಳಿ: ಚಿಕ್ಕವಳಿದ್ದಾಗ ನಿಮ್ಮಮ್ಮ ನಿಮಗೆ ಯಾವುದಕ್ಕೆ ಬೈಯುತ್ತಿದ್ದರು?