ಸೋರುವ ದೋಣಿ ಟ್ಯಾಂಕಿಗೆ ಬೆಸುಗೆ ಹಾಕಿಸಬಹುದೇ?

ಹಾವೇರಿ ಜಿಲ್ಲೆಯ ತುಂಗಭದ್ರಾ ದಡದಲ್ಲಿರುವ ನಿಮ್ಮ ಸಣ್ಣ ಮೋಟಾರು ದೋಣಿಯ ಕಬ್ಬಿಣದ ಪೆಟ್ರೋಲ್ ಟ್ಯಾಂಕ್ ತಳದಲ್ಲಿ ಜಿನುಗುತ್ತಿದೆ, ಬೆಸುಗೆ ಹಾಕಿಸಲೇ ಎಂದು ಕೇಳಿದ್ದೀರಿ. ಮೊದಲು ಪೈಪು, ಕ್ಲಿಪ್ಪು, ವಾಷರುಗಳನ್ನು ಒರೆಸಿ ನೋಡಿರಿ. ಎಷ್ಟೋ ಸಲ ಸೋರುವುದು ಅಲ್ಲಿಂದಲೇ. ತಳವೇ ತುಕ್ಕು ಹಿಡಿದಿದ್ದರೆ ಟ್ಯಾಂಕನ್ನು ಬದಲಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಬೆರೆತಿರುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದಾಗ ಎಥನಾಲ್ ಆ ನೀರಿನೊಡನೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿದು ಲೋಹವನ್ನು ಒಳಗಿನಿಂದ ತಿನ್ನುವುದರಿಂದ, ಕಣ್ಣಿಗೆ ಕಾಣುವ ಒಂದು ತೂತಿನ ಸುತ್ತ ತೆಳುವಾದ ಜಾಗಗಳು ಇನ್ನೂ ಹಲವು ಇರಬಹುದು.

ಖಾಲಿಯಾಗಿದೆ ಎಂದು ನಂಬಿ ಅದನ್ನು ಬೆಸುಗೆಯವರ ಮುಂದೆ ದಯವಿಟ್ಟು ಇಡಬೇಡಿರಿ. ಒಳಗೆ ಉಳಿದ ಆವಿ ಗಾಳಿಯೊಡನೆ ಬೆರೆತು ಸ್ಫೋಟಿಸಿದರೆ ಬೆಸುಗೆ ಹಾಕುವವನ ಜೀವಕ್ಕೇ ಅಪಾಯ. ಈ ಆವಿ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲಿಯೂ ನಿಲ್ಲುತ್ತದೆ. ಆದ್ದರಿಂದ ಟ್ಯಾಂಕ್ ಬಿಚ್ಚುವ ಮೊದಲು ಬ್ಯಾಟರಿ ತಂತಿಯನ್ನು ತೆಗೆದು, ದೋಣಿಯನ್ನು ಗಾಳಿಗೆ ತೆರೆದಿಡಿರಿ. ಎಪಾಕ್ಸಿ ಅಂಟು ಹೆಚ್ಚೆಂದರೆ ತಾತ್ಕಾಲಿಕ ಉಪಾಯ. ದೋಣಿಗೆಂದೇ ತಯಾರಾದ ದಪ್ಪ ಪ್ಲಾಸ್ಟಿಕ್ ಟ್ಯಾಂಕ್ ಕೊಳ್ಳಿರಿ. ಅದನ್ನು ದಡಕ್ಕಿಳಿಸಿಯೇ ತುಂಬಿಸಿರಿ, ಬಿಸಿಲಿಗೆ ಪೆಟ್ರೋಲ್ ಹಿಗ್ಗಲು ಮೇಲ್ಭಾಗದಲ್ಲಿ ಸ್ವಲ್ಪ ಜಾಗ ಬಿಡಿರಿ.